ಎರಡನೇ ಬ್ರೇಕ್

“ಬ್ರೇಕ್ ಕಲ್ಲಿನ ಹಾಗಿದೆ ಅಂತ ಇದು ಮೂರನೇ ಸಲ ಹೇಳ್ತಿರೋದು,” ಎಂದಳು ಅಕ್ಕ. “ನಾಲ್ಕನೇ ಸಲ ಹೇಳೋ ಹೊತ್ತಿಗೆ ನಾನು ಯಾರದೋ ಮನೆ ಗೋಡೆ ಒಳಗಿರ್ತೀನಿ. ಆಮೇಲೆ ನೀನು ಬಂದು, ಬ್ರೇಕ್ ಪ್ಯಾಡ್ ಚೆನ್ನಾಗಿದೆ ಅಂತ ಆ ಗೋಡೆಗೆ ಹೇಳು.”

ಅಕ್ಕನ ಹೊಸ ಕಾರು ಗ್ಯಾರೇಜಿನ ಲಿಫ್ಟಿನ ಮೇಲೆ ಎದೆಯೆತ್ತರಕ್ಕೆ ನಿಂತಿತ್ತು. ನಾಲ್ಕು ಚಕ್ರಗಳನ್ನೂ ಕಳಚಿ ಗೋಡೆಗೆ ಒರಗಿಸಿದ್ದರು. ಮೆಕ್ಯಾನಿಕ್ ಕೈಯಲ್ಲೊಂದು ಟಾರ್ಚು ಹಿಡಿದು, ಎಲ್ಲ ಉತ್ತರ ಸರಿಯಾಗಿ ಬರೆದೂ ಫೇಲಾದವನ ಮುಖ ಮಾಡಿಕೊಂಡು ನಿಂತಿದ್ದ. ಗಾಜಿನ ಕೋಣೆಯೊಳಗೆ ಕೂತಿದ್ದ ಗ್ಯಾರೇಜಿನ ಯಜಮಾನ ಆಗಾಗ ಕತ್ತೆತ್ತಿ ಇತ್ತ ನೋಡುತ್ತಿದ್ದ. ಒಂದೇ ಗಾಡಿ ಒಂದೇ ದೂರಿನೊಂದಿಗೆ ಮೂರು ಸಲ ಬಂದರೆ ಯಜಮಾನ ನೋಡುವುದು ಗಾಡಿಯನ್ನಲ್ಲ, ಕೆಲಸದವನನ್ನು.

ಟೈರುಗಳ ರಾಶಿಯ ಪಕ್ಕದಲ್ಲಿ ನಿಂತು, ಎಂಜಿನ್ ಆಯಿಲ್ ಕಂಪನಿಯ ಕ್ಯಾಲೆಂಡರನ್ನು ಬಲು ಆಸಕ್ತಿಯಿಂದ ಓದುವವಳ ಹಾಗೆ ನಟಿಸುತ್ತಿದ್ದವಳು ತಂಗಿ. ವಯಸ್ಸು ನಲವತ್ತಮೂರು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಲು ಹಿಡಿದು ಹನ್ನೆರಡು ವರ್ಷ. ಆ ಊರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಅವಳ ಕೈಯಲ್ಲಿ ಪಳಗಿದವರು ಒಬ್ಬರಾದರೂ ಸಿಗುತ್ತಾರೆ. ಆದರೂ ಅಕ್ಕನ ಬಾಯಲ್ಲಿ ಅವಳು ಇಂದಿಗೂ ಪುಟ್ಟಿ. ನಾವೂ ಹಾಗೇ ಕರೆಯೋಣ. ಆ ಮಧ್ಯಾಹ್ನ ಅವಳು ತಪ್ಪು ಮಾಡಿ ಬಾಗಿಲ ಸಂದಿಯಲ್ಲಿ ಅಡಗಿದ ಮಗುವಿಗಿಂತ ದೊಡ್ಡವಳೇನೂ ಆಗಿರಲಿಲ್ಲ.

“ಗಾಡೀಲಿ ತಪ್ಪಿಲ್ಲ ಸಿಸ್ಟರ್,” ಎಂದ ಮೆಕ್ಯಾನಿಕ್. ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಹಾಗಾಗಿ ಊರಿಗೆಲ್ಲ ಸಿಸ್ಟರ್. “ಪ್ಯಾಡ್ ಕೂದಲೆಳೆಯಷ್ಟೂ ಸವೆದಿಲ್ಲ. ಬ್ರೇಕ್ ಆಯಿಲ್ ಹೋದ ವಾರ ಬದಲಾಯಿಸಿದೀನಿ. ಪೈಪಲ್ಲಿ ಗಾಳಿ ಇಲ್ಲ. ನಿನ್ನೆ ನಾನೇ ನಾಲ್ಕು ಸಲ ಓಡಿಸಿ ನೋಡಿದೆ, ತುಳಿದಲ್ಲೇ ಹಿಡೀತು.”

“ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ? ನಮ್ಮ ಪುಟ್ಟಿ ಸ್ಕೂಲಿನ ಗಾಡಿ ಹತ್ತು ವರ್ಷ ಹಳೇದು. ಅದರ ಬ್ರೇಕ್ ಮೇಲೆ ಕಾಲಿಟ್ಟರೆ ಸಾಕು, ಬೆಣ್ಣೆ ಹಾಗೆ ತಾನೇ ಇಳಿಯೋದು. ಇದು ಹೊಸಾ ಗಾಡಿ, ಇದನ್ನ ತುಳಿಯೋಕೆ ಆನೆ ಬರ್ಬೇಕಾ? ನೀನೇ ಹೇಳೇ ಪುಟ್ಟಿ.”

“ಹೂಂ, ಅದು ಸ್ವಲ್ಪ ಮೆತ್ತಗಿದೆ,” ಎಂದಳು ಪುಟ್ಟಿ, ಕ್ಯಾಲೆಂಡರಿನಿಂದ ಕಣ್ಣು ಕೀಳದೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತುಬಿಟ್ಟ. ತಾನೇ ಇಳಿಯೋದು ಎಂಬ ಮಾತು ಅವನಿಗೆ ಎಲ್ಲೋ ತಗುಲಿತು. ಆ ಸ್ಕೂಲಿನ ಗಾಡಿಗಳಿಗೆ ಎರಡನೇ ಬ್ರೇಕ್ ಕೂರಿಸಿದವನು ಅವನೇ. ಅವನು ನಿಧಾನವಾಗಿ ಪುಟ್ಟಿಯ ಕಡೆ ತಿರುಗಿದ. ಪುಟ್ಟಿಗೆ ಕ್ಯಾಲೆಂಡರಿನಲ್ಲಿ ಓದಲು ಇನ್ನೇನೂ ಉಳಿದಿರಲಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬ್ರೇಕ್ ಪೆಡಲ್ ಎರಡಿರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಎರಡನ್ನೂ ಒಂದು ಕಬ್ಬಿಣದ ಕಂಬಿ ಜೋಡಿಸುತ್ತದೆ. ಇವರು ತುಳಿದರೆ ಅವರ ಪೆಡಲ್ಲೂ ತಾನಾಗಿ ಕೆಳಗಿಳಿಯುತ್ತದೆ. ಪುಟ್ಟಿಯ ಸ್ಕೂಲಿನಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಕಲಿಸುವವರು ಯಾವಾಗ ತುಳಿದರೂ ಗಟ್ಟಿಯಾಗಿ “ನಂದು” ಅನ್ನಬೇಕು. ನಿಲ್ಲಿಸಿದ್ದು ನಾನು, ನೀನಲ್ಲ ಎಂದು ಅದರ ಅರ್ಥ. ಹೇಳದಿದ್ದರೆ ಕಲಿಯುವವರು ತಾವೇ ನಿಲ್ಲಿಸಿದೆವೆಂದು ತಿಳಿಯುತ್ತಾರೆ, ಅವರ ಕಾಲು ಸುಳ್ಳು ಅಳತೆ ಕಲಿಯುತ್ತದೆ. ಈ ಪದ್ಧತಿಯನ್ನು ಜಾರಿಗೆ ತಂದವಳೇ ಪುಟ್ಟಿ. ಹೊಸದಾಗಿ ಸೇರಿದ ಮೇಷ್ಟ್ರೊಬ್ಬ ಬಾಯಿಬಿಡದೆ ತುಳಿದನೆಂದು ಎಲ್ಲರ ಮುಂದೆ ಅವನ ನೀರಿಳಿಸಿದ್ದಳು.

ಅಂಥವಳು ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಮೊದಲ ವಾರ ಹೇಳಿದ್ದಳು. ಮೂರನೆಯ ದಿನ ಒಂದೇ ಗಂಟೆಯಲ್ಲಿ ಮೂರು ಸಲ “ನಂದು” ಎಂದಾಗ ಅಕ್ಕ ಕಾರನ್ನು ಬದಿಗೆ ಹಾಕಿ ಇಳಿದು, ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. “ಮೂರು ಸಲ ಪುಟ್ಟಿ. ನೀನಿಲ್ದೇ ಇದ್ದಿದ್ರೆ ಮೂರು ಜನ. ಅವರನ್ನ ಸ್ಟ್ರೆಚರ್ ಮೇಲೆ ತರೋದು ನಾನು ನೋಡಿದೀನಿ,” ಎಂದು ಅತ್ತಳು. ಆಕ್ಸಿಡೆಂಟ್ ವಾರ್ಡಿನಲ್ಲಿ ಮೂವತ್ತು ವರ್ಷ ಕಣ್ಣಲ್ಲಿ ನೀರು ತರದೆ ದುಡಿದ ಹೆಂಗಸು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಿದ್ದಳು. ಆಮೇಲೆ ನಾಲ್ಕು ದಿನ ಮನೆಯಿಂದ ಹೊರಗೇ ಬರಲಿಲ್ಲ.

ನಿವೃತ್ತಿಯಾದ ಮೇಲೆ ಅಕ್ಕ ಹೇಗಿದ್ದಳೆಂಬುದು ಪುಟ್ಟಿಗೆ ಗೊತ್ತಿತ್ತು. ಬೆಳಗ್ಗೆ ಐದಕ್ಕೇ ಎದ್ದು, ಹೋಗಲು ಎಲ್ಲಿಯೂ ಇಲ್ಲದೆ, ತಲೆ ಬಾಚಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದಳು. ಆರು ತಿಂಗಳು ಹಾಗೆ ಕೂತವಳನ್ನು ಪುಟ್ಟಿ ಗೋಗರೆದು ಕಾರಿನ ಸೀಟಿನವರೆಗೆ ತಂದಿದ್ದಳು. ಅವ್ವ ಸತ್ತಾಗ ಒಂಬತ್ತು ವರ್ಷದ ತಂಗಿಯನ್ನು ಮಡಿಲಿಗೆ ಎಳೆದುಕೊಂಡು, ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿದವಳು ಈ ಅಕ್ಕ. ಅವಳು ಮತ್ತೆ ಆ ಕುರ್ಚಿಗೆ ಹೋಗುವುದನ್ನು ನೋಡಲು ಪುಟ್ಟಿಗೆ ಆಗಲಿಲ್ಲ. ಐದನೆಯ ದಿನ ಅಕ್ಕ ಕೊನೆಗೂ ಬಂದಳು. ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ಬಂತು, ಪುಟ್ಟಿ ಬ್ರೇಕ್ ತುಳಿದಳು, ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಅಕ್ಕ ತಿರುಗಿ ನೋಡಿ ನಕ್ಕಳು. ಆ ನಗು ನೋಡಿ ಆರು ತಿಂಗಳಾಗಿತ್ತು.

ಅಲ್ಲಿಗೆ ಎಲ್ಲ ಕೆಟ್ಟಿತು. ಎರಡು ತಿಂಗಳ ಕಾಲ ಅಕ್ಕ ಪೆಡಲಿನ ಮೇಲೆ ಪಾದ ಇಟ್ಟಳು, ಪುಟ್ಟಿ ತುಳಿದಳು. ಓಡಿ ಬಂದ ನಾಯಿಯೊಂದರ ಮೂತಿಗೆ ಗೇಣು ದೂರದಲ್ಲಿ ಕಾರು ನಿಂತಿದ್ದನ್ನು ಅಕ್ಕ ಕಂಡಕಂಡವರಿಗೆಲ್ಲ ಹೇಳಿದಳು. ಹೇಳುವಾಗ ಕಾಲನ್ನು ಎತ್ತಿ ತೋರಿಸುತ್ತಿದ್ದಳು. ಪರೀಕ್ಷೆಯ ಮೈದಾನದಲ್ಲಿ ಆಮೆಯ ವೇಗದಲ್ಲಿ ಹೋಗುವ ಗಾಡಿ ಅರ್ಧ ತುಳಿದರೂ ನಿಲ್ಲುತ್ತದೆ, ಹಾಗಾಗಿ ಅಕ್ಕ ಪಾಸಾದಳು. ಕಾರು ಕೊಂಡಳು. ಸಾಲದ್ದಕ್ಕೆ, ಸ್ಕೂಲ್ ಬಸ್ಸು ನಿಂತುಹೋಗಿ ಪೇಚಾಡುತ್ತಿದ್ದ ಅಕ್ಕಪಕ್ಕದ ಮನೆಯವರಿಗೆ ಮಾತು ಕೊಟ್ಟಳು. ಸೋಮವಾರದಿಂದ ಮೂರು ಮಕ್ಕಳನ್ನು ಅವಳೇ ಶಾಲೆಗೆ ಬಿಡುವವಳು. ಈ ದಿನ ಶನಿವಾರ.

ಮೆಕ್ಯಾನಿಕ್ ಚಕ್ರ ಜೋಡಿಸುವ ನೆಪದಲ್ಲಿ ಟೈರುಗಳ ಹತ್ತಿರ ಬಂದು ಬಗ್ಗಿದ. “ಮೇಡಂ,” ಎಂದ ತಗ್ಗಿದ ದನಿಯಲ್ಲಿ, “ಆ ಕಂಬಿ ಬೆಸುಗೆ ಹಾಕಿದೋನು ನಾನು. ಆ ಗಾಡೀಲಿ ಬ್ರೇಕ್ ತುಳೀತಿದ್ದದ್ದು ಯಾರ ಕಾಲು ಅಂತ ನಂಗೆ ಗೊತ್ತಾಯ್ತು.”

ಪುಟ್ಟಿ ಅಕ್ಕನ ಕಡೆಗೊಮ್ಮೆ ನೋಡಿದಳು.

“ನನ್ನ ಕೆಲಸ ಹೋಗ್ಲಿ ಬಿಡಿ, ಬೇರೆ ಗ್ಯಾರೇಜ್ ಇದೆ. ಸೋಮವಾರ ಮೂರು ಮಕ್ಕಳು ಅಂತಿದಾರೆ. ನೀವು ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ. ಇವತ್ತೇ ಹೇಳ್ತೀನಿ,” ಎಂದಳು ಪುಟ್ಟಿ. ಇದೇ ಮಾತನ್ನು ಅವಳು ತನಗೆ ತಾನೇ ಇಪ್ಪತ್ತು ದಿನಗಳಿಂದ ಹೇಳಿಕೊಳ್ಳುತ್ತಿದ್ದಳು.

ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಅಕ್ಕ ತೀರ್ಮಾನಕ್ಕೆ ಬಂದಾಗಿತ್ತು. “ಬಾಯಲ್ಲಿ ಹೇಳಿದ್ರೆ ನಂಬಲ್ಲ ನೀನು. ಗಾಡಿ ಹತ್ತು. ನಾನು ಓಡಿಸ್ತೀನಿ, ಹಿಂದೆ ಕೂತು ನೋಡು. ಪುಟ್ಟಿ ಮುಂದೆ ಕೂರ್ಲಿ, ಅವಳು ಸಾಕ್ಷಿ.”

“ನಾನು ಓಡಿಸ್ತೀನಿ ಅಕ್ಕ, ನೀನು ಪಕ್ಕದಲ್ಲಿ ಕೂತ್ಕೋ.”

“ನೀನು ಓಡಿಸಿದ್ರೆ ಎತ್ತಿನ ಗಾಡೀನೂ ಸರಿಯಾಗೇ ಹೋಗತ್ತೆ. ತೊಂದರೆ ನನಗಿರೋದು.”

ಹೀಗೆ ಮೂವರೂ ಹೊರಟರು. ಅಕ್ಕ ಹೊರಡುವ ಮುನ್ನ ಸೀಟು ಸರಿಪಡಿಸಿದಳು, ಮೂರು ಕನ್ನಡಿಗಳನ್ನೂ ನೋಡಿದಳು, ಎಲ್ಲರ ಬೆಲ್ಟನ್ನೂ ಕೈಯಾರೆ ಎಳೆದು ಪರೀಕ್ಷಿಸಿದಳು. ತಿರುವಿಗೆ ಮೊದಲೇ ಇಂಡಿಕೇಟರ್, ಸರಿಯಾದ ಗೇರು, ಒಂದೇ ಹಿಡಿತದ ಸ್ಟೀರಿಂಗು. ಕಲಿತಿದ್ದರಲ್ಲಿ ಒಂದನ್ನೂ ಅವಳು ಬಿಡುವವಳಲ್ಲ. ಕಲಿಯದೇ ಇದ್ದದ್ದು ಒಂದೇ, ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಪುಟ್ಟಿಯ ಕಣ್ಣು ರಸ್ತೆಯ ಮೇಲಿತ್ತು, ಕಾಲು ಮಾತ್ರ ತನ್ನ ಸೀಟಿನ ಮುಂದಿನ ರಬ್ಬರ್ ಹಾಸಿನ ಮೇಲೆ ಎರಡನೇ ಬ್ರೇಕಿಗಾಗಿ ತಡವುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

ಮೊದಲ ಸಿಗ್ನಲ್ಲಿನಲ್ಲಿ ಕಾರು ಬಿಳಿ ಗೆರೆಯನ್ನು ಒಂದಡಿ ದಾಟಿ ನಿಂತಿತು. ಎರಡನೆಯದರಲ್ಲಿ ಮೂರಡಿ. “ನೋಡ್ದ್ಯಾ?” ಎಂದಳು ಅಕ್ಕ ಕನ್ನಡಿಯಲ್ಲಿ ಮೆಕ್ಯಾನಿಕ್ಕನನ್ನು ನೋಡುತ್ತ. ಅವನು ಪುಟ್ಟಿಯ ಸೀಟಿನ ಬೆನ್ನನ್ನು ಹಿಂದಿನಿಂದ ಬೆರಳಲ್ಲಿ ಎರಡು ಸಲ ತಟ್ಟಿದ.

“ಅಕ್ಕ,” ಎಂದಳು ಪುಟ್ಟಿ. “ಒಂದು ನಿಮಿಷ ಬದಿಗೆ ಹಾಕು. ಒಂದು ವಿಷಯ ಹೇಳ್ಬೇಕು.”

“ಓಡಿಸುವಾಗ ಮಾತು ಬೇಡ ಅಂತ ಕಲಿಸಿದೋಳು ನೀನೇ.”

“ಅದಕ್ಕೇ ನಿಲ್ಲಿಸು ಅಂದೆ.”

“ಸೇತುವೆ ದಾಟಲಿ, ಆಮೇಲೆ ನಿಲ್ಲಿಸ್ತೀನಿ. ಇಲ್ಲಿ ಎಲ್ಲಿ ಜಾಗ ಇದೆ?” ಅಕ್ಕ ಹೇಳಿದ್ದು ಸರಿಯಾಗಿತ್ತು. ರಸ್ತೆ ಸೇತುವೆಯ ಕಡೆಗೆ ಇಳಿಜಾರಾಗಿ ಇಳಿಯತೊಡಗಿತ್ತು, ಎರಡೂ ಬದಿಗೆ ಕಲ್ಲಿನ ಗೋಡೆ, ಹಿಂದೆ ವಾಹನಗಳ ಸಾಲು. ಇನ್ನು ಎರಡು ನಿಮಿಷ ಎಂದು ಪುಟ್ಟಿ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಎರಡು ನಿಮಿಷಕ್ಕೆ ಏನಾಗುತ್ತದೆ?

ಮುಂದೊಂದು ಸಣ್ಣ ಸಾಮಾನು ಗಾಡಿ ಹೋಗುತ್ತಿತ್ತು. ಮನೆಗೆ ಬಣ್ಣ ಹೊಡೆಯುವವರದು. ಡಬ್ಬಗಳು, ಬಟ್ಟೆಯ ಗಂಟು, ಮತ್ತು ಗಾಡಿಗಿಂತ ಉದ್ದದ ಒಂದು ಅಲ್ಯೂಮಿನಿಯಂ ಏಣಿ. ಏಣಿಯ ಎರಡು ಕಾಲುಗಳು ಹಿಂದಕ್ಕೆ ಚಾಚಿದ್ದವು, ತುದಿಗೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿದ್ದರು. ಆ ಕಾಲುಗಳು ಇದ್ದದ್ದು ಸರಿಯಾಗಿ ಕಾರಿನ ಮುಂಗಾಜಿನ ಎತ್ತರಕ್ಕೆ.

“ದೂರ ಬಿಡು ಅಕ್ಕ,” ಎಂದಳು ಪುಟ್ಟಿ.

“ಬಿಟ್ಟಿದೀನಿ.”

ಬಿಟ್ಟಿದ್ದಳು ಕೂಡ, ಪುಟ್ಟಿಯ ಕಾಲು ಜೊತೆಗಿದ್ದರೆ ಸಾಕಾಗುವಷ್ಟು ದೂರ. ಸೇತುವೆಯ ಬಾಯಲ್ಲಿ ಏನೋ ಅಡ್ಡ ಬಂದು ಸಾಮಾನು ಗಾಡಿ ಗಕ್ಕನೆ ನಿಂತಿತು. ಅಕ್ಕ ಗಾಬರಿಯಾಗಲಿಲ್ಲ. ಎರಡು ತಿಂಗಳು ಮಾಡಿದ ಹಾಗೇ, ಶಾಂತವಾಗಿ, ಬ್ರೇಕಿನ ಮೇಲೆ ಪಾದ ಇಟ್ಟಳು. ಕಾರು ನಿಧಾನವಾಯಿತು, ನಿಲ್ಲಲಿಲ್ಲ. ಇಳಿಜಾರು ಅದನ್ನು ಮುಂದೆ ನೂಕುತ್ತಿತ್ತು. ಪುಟ್ಟಿ ಬಲಗಾಲನ್ನು ರಬ್ಬರ್ ಹಾಸಿನ ಮೇಲೆ ಎಷ್ಟು ಬಲವಾಗಿ ಅದುಮಿದಳೆಂದರೆ ಮಂಡಿ ಚಳಕ್ಕೆಂದಿತು. ಏಣಿಯ ಕಾಲುಗಳ ತುದಿಯ ಎರಡು ತೂತುಗಳು ದೊಡ್ಡದಾಗುತ್ತ ಬಂದವು. ಒಂದು ಅಕ್ಕನ ಮುಖಕ್ಕೆ ನೇರವಾಗಿತ್ತು.

“ತುಳಿ! ಪೂರ್ತಿ ತುಳಿ ಅಕ್ಕ, ಎದ್ದು ನಿಲ್ಲೋ ಹಾಗೆ ತುಳಿ!”

ಅಕ್ಕ ತುಳಿದಳು. ಸೀಟಿನಿಂದ ಸೊಂಟ ಮೇಲೆದ್ದಿತು. ಪೆಡಲಿನ ಕೆಳಗೆ ಗರಗರ ಎಂದು ಏನೋ ನಡುಗಿತು, ಕಾರು ಮೂತಿ ತಗ್ಗಿಸಿ ಮುಗ್ಗರಿಸಿತು, ಬೆಲ್ಟು ಪುಟ್ಟಿಯ ಎದೆಯನ್ನು ಕತ್ತರಿಸುವ ಹಾಗೆ ಹಿಡಿಯಿತು. ನಿಂತಿತು. ಕೆಂಪು ಬಟ್ಟೆಯ ತುದಿ ಮುಂಗಾಜಿನ ಮೇಲೆ ಬಿದ್ದು, ಗಾಳಿಗೆ ಗಾಜನ್ನು ಒರೆಸುತ್ತಿತ್ತು.

ಮುಂದಿನ ಗಾಡಿಯವನು ಇದಾವುದೂ ತಿಳಿಯದೆ ಹಾಗೇ ಹೊರಟುಹೋದ. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಅಕ್ಕ ಗೇರು ಹಾಕಿ ಸೇತುವೆ ದಾಟಿ, ವಾರದ ಸಂತೆ ನಡೆಯುವ ಖಾಲಿ ಬಯಲಿಗೆ ಕಾರನ್ನು ತಿರುಗಿಸಿ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು.

“ಕಾಲ ಕೆಳಗೆ ಏನೋ ಗರಗರ ಅಂತು,” ಎಂದಳು ಅಕ್ಕ.

“ಪೂರ್ತಿ ತುಳಿದ್ರೆ ಹಾಗೇ ಅನ್ನತ್ತೆ ಸಿಸ್ಟರ್,” ಎಂದ ಮೆಕ್ಯಾನಿಕ್ ಮೆಲ್ಲಗೆ. “ಚಕ್ರ ಜಾರದ ಹಾಗೆ ಅದು ನೋಡ್ಕೊಳ್ಳತ್ತೆ. ಕೆಲಸ ಮಾಡ್ತಿದೆ ಅಂತಲೇ ಅರ್ಥ.”

“ಅಂದ್ರೆ ಬ್ರೇಕ್ ಸರಿಯಿದೆ.”

“ಸರಿಯಿದೆ.”

ಅಕ್ಕ ಮುಂದೆ ನೋಡುತ್ತಲೇ ಯೋಚಿಸಿದಳು. ರೋಗಿಯ ಜ್ವರ ಯಾಕೆ ಇಳಿಯುತ್ತಿಲ್ಲ ಎಂದು ಹುಡುಕುವಾಗ ಅವಳ ಹುಬ್ಬು ಹೀಗೇ ಗಂಟಿಕ್ಕುತ್ತಿತ್ತು. “ಇಷ್ಟು ಜೋರಾಗಿ ನಾನು ಯಾವತ್ತೂ ತುಳಿದೇ ಇಲ್ಲ. ಅಲ್ಲಿ ಬೇಕೇ ಆಗಿರ್ಲಿಲ್ಲ. ಯಾಕೆ ಬೇಕಾಗಿರ್ಲಿಲ್ಲ ಪುಟ್ಟಿ?”

ಅವಳು ಅದಾಗಲೇ ಅರ್ಧ ಕಂಡುಕೊಂಡಿದ್ದಳು. ಇನ್ನರ್ಧವನ್ನು ಪುಟ್ಟಿ ಹೇಳಬೇಕಿತ್ತು. ಹೇಳಿದಳು.

“ನಾನು ತುಳೀತಿದ್ದೆ. ನಿಂಗೆ ಹೇಳದೆ.”

“ಎಷ್ಟು ಸಲ?”

“ಎಲ್ಲಾ ಸಲ. ಜೋರಾಗಿ ಬೇಕಾದಾಗಲೆಲ್ಲ.”

“ಸರ್ಕಲ್ಲಲ್ಲಿ ಬಸ್ಸು?”

“ನಾನೇ.”

ಅಕ್ಕ ಮುಂದೆ ಏನು ಕೇಳುತ್ತಾಳೆಂದು ಪುಟ್ಟಿಗೆ ಗೊತ್ತಿತ್ತು, ಕೇಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

“ನಾಯಿ?”

“ಅದೂ ನಾನೇ ಅಕ್ಕ.”

ಹಿಂದಿನ ಸೀಟಿನಲ್ಲಿ ಮೆಕ್ಯಾನಿಕ್ ಕಿಟಕಿಯ ಹೊರಗೆ ನೋಡತೊಡಗಿದ. ಅಕ್ಕನ ಮುಖ ಕೆಂಪಾಯಿತು. ಅದು ಕೋಪವಲ್ಲ, ನಾಚಿಕೆ. ಇಡೀ ಬೀದಿಗೆ ಕಾಲೆತ್ತಿ ತೋರಿಸಿದ್ದನ್ನು ನೆನೆದು, ಐವತ್ತೆಂಟು ವರ್ಷದ ಹೆಂಗಸು ಕತ್ತಿನವರೆಗೂ ಕೆಂಪಾದಳು. ಪುಟ್ಟಿಗೆ ಅದನ್ನು ನೋಡಿ ಸಂಕಟವಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನಿಂಗೆ ಬೇಜಾರಾಗ್ಬಾರ್ದು ಅಂತ... ಆ ಕುರ್ಚೀಲಿ ಮತ್ತೆ ಹೋಗಿ ಕೂತ್ಕೋತೀಯ ಅಂತ ಹೆದರಿಕೆ ಆಯ್ತು.”

“ಬೇಜಾರಾಗಿ ನಮ್ಮ ವಾರ್ಡಿಗೆ ಯಾರೂ ಬರ್ಲಿಲ್ಲ ಪುಟ್ಟಿ,” ಎಂದಳು ಅಕ್ಕ. ದನಿ ಏರಲಿಲ್ಲ. “ಒಂದು ಇಂಜೆಕ್ಷನ್ ತಪ್ಪಾದ್ರೆ ನಾವು ಬರೆದಿಡ್ತಿದ್ವಿ. ಬೈಸ್ಕೊಂಡ್ರೂ ಪರವಾಗಿಲ್ಲ ಅಂತ ಬರೀತಿದ್ವಿ. ಯಾಕೆ ಹೇಳು? ಮುಂದಿನ ಶಿಫ್ಟಿಗೆ ಬರೋಳು ಎಲ್ಲಾ ಸರಿಯಿದೆ ಅಂದ್ಕೊಂಡು ಅದರ ಮೇಲೇ ಇನ್ನೊಂದು ಕೊಟ್ಟುಬಿಡ್ತಾಳೆ. ಸೋಮವಾರ ಆ ಮಕ್ಕಳನ್ನ ನಾನು ಯಾವ ಧೈರ್ಯದ ಮೇಲೆ ಕೂರಿಸ್ಕೋತಿದ್ದೆ? ನಿನ್ನ ಕಾಲಿನ ಧೈರ್ಯದ ಮೇಲೆ. ನೀನು ಆ ಗಾಡೀಲಿ ಇರ್ತಿದ್ಯಾ?”

ಪುಟ್ಟಿಯ ಕಣ್ಣು ತುಂಬಿ ಬಂತು. “ತಪ್ಪಾಯ್ತು,” ಎಂದಳು. ಆ ಮಾತು ಆ ಕಾರಿನೊಳಗೆ ತೀರಾ ಸಣ್ಣದಾಗಿ ಕೇಳಿಸಿತು.

ಅಕ್ಕ ಚೀಲದಿಂದ ಫೋನ್ ತೆಗೆದಳು. ಪಕ್ಕದ ಮನೆಯಾಕೆಗೆ ಹಚ್ಚಿದಳು. “ನಾನಮ್ಮಾ. ಸೋಮವಾರ ಮಕ್ಕಳನ್ನ ಕರ್ಕೊಂಡು ಹೋಗೋಕೆ ನಂಗೆ ಆಗಲ್ಲ. ಇಲ್ಲ, ಹುಷಾರಾಗಿದೀನಿ... ಗಾಡಿಗೂ ಏನಾಗಿಲ್ಲ, ಗಾಡಿ ಚೆನ್ನಾಗಿದೆ. ನಂಗೇ ಇನ್ನೂ ಬ್ರೇಕ್ ಹಾಕೋಕೆ ಬರಲ್ಲ.” ಆ ಕಡೆಯಾಕೆ ತಮಾಷೆ ಎಂದುಕೊಂಡು ನಕ್ಕಿದ್ದು ಪುಟ್ಟಿಗೂ ಕೇಳಿಸಿತು. ಅಕ್ಕ ಅವಳ ನಗು ಮುಗಿಯುವವರೆಗೆ ಕಾದಳು. “ತಮಾಷೆ ಅಲ್ಲ ಕಣಮ್ಮ. ನಿಜವಾಗ್ಲೂ ಬರಲ್ಲ. ಮೇಲಿನ ಮನೆಯವರಿಗೂ ಹೇಳ್ಬಿಡು.”

ಫೋನ್ ಒಳಗಿಟ್ಟು ಹಿಂದಕ್ಕೆ ತಿರುಗಿದಳು. “ಮೂರು ಸಲ ನಿನ್ನ ಮೇಲೆ ರೇಗಿದೀನಿ ಕಣಪ್ಪ. ತಪ್ಪು ನಂದು. ನಿಮ್ಮ ಯಜಮಾನರಿಗೂ ನಾನೇ ಹೇಳ್ತೀನಿ. ನಿಂಗೆ ಅರ್ಧ ಗಂಟೆ ಪುರುಸೊತ್ತಿದ್ಯಾ?”

“ಇದೆ ಸಿಸ್ಟರ್.”

“ಹಾಗಾದ್ರೆ ಮುಂದೆ ಬಂದು ಕೂತ್ಕೋ. ಪುಟ್ಟಿ, ನೀನು ಇಳಿ.”

“ಅಕ್ಕ, ನಾನು ಕಲಿಸ್ತೀನಿ. ಮೊದಲಿಂದ ಸರಿಯಾಗಿ—”

“ಇಳಿ.”

ಪುಟ್ಟಿ ಇಳಿದು ಬಯಲಿನ ಅಂಚಿನಲ್ಲಿ, ಸಂತೆಯ ಕಲ್ಲುಕಟ್ಟೆಯ ಪಕ್ಕ ನಿಂತಳು. ಬಿಸಿಲು ನೆತ್ತಿ ಸುಡುತ್ತಿತ್ತು. ಕಾರು ದೂರ ಹೋಗಿ ತಿರುಗಿತು, ವೇಗವಾಗಿ ಬಂತು, ಹಿಂದಿನ ಕೆಂಪು ದೀಪ ಹೊತ್ತಿತು, ಎಂಟು ಹತ್ತು ಮಾರು ಜಾರಿಕೊಂಡು ಹೋಗಿ ನಿಂತಿತು. ಮತ್ತೆ ಹೋಯಿತು, ಮತ್ತೆ ಬಂತು. ಪ್ರತಿ ಸಲವೂ ಪುಟ್ಟಿಯ ಮಂಡಿ ಬಿಗಿಯುತ್ತಿತ್ತು. ಹನ್ನೆರಡು ವರ್ಷದಲ್ಲಿ ಸಾವಿರ ಜನಕ್ಕೆ ಕಲಿಸಿದವಳಿಗೆ, ತನ್ನ ಅಕ್ಕ ಒಬ್ಬಳೇ ಬ್ರೇಕ್ ಹಾಕುವುದನ್ನು ಸುಮ್ಮನೆ ನಿಂತು ನೋಡುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೆಕ್ಯಾನಿಕ್ ಒಮ್ಮೆ ಇಳಿದು ಖಾಲಿ ಎಣ್ಣೆ ಡಬ್ಬವೊಂದನ್ನು ದಾರಿಗೆ ಅಡ್ಡ ಇಟ್ಟ. ಮೊದಲ ಸಲ ಡಬ್ಬ ಚಪ್ಪಟೆಯಾಯಿತು. ಆ ಸದ್ದಿಗೆ ಪುಟ್ಟಿ ಮುಖ ತಿರುಗಿಸಿಕೊಂಡಳು. ಅವನು ಇನ್ನೊಂದು ಡಬ್ಬ ಹುಡುಕಿ ತಂದ. ಅದಕ್ಕೂ ಅದೇ ಗತಿ. ಮೂರನೆಯದರ ಮುಂದೆ ಕಾರು ಮೂತಿ ತಗ್ಗಿಸಿ ನಿಂತಿತು, ಡಬ್ಬ ಅಲುಗಲಿಲ್ಲ. ನಾಲ್ಕು, ಐದು, ಆರನೆಯ ಸಲವೂ ಅಲುಗಲಿಲ್ಲ. ಈ ಸಲ ಅಕ್ಕ ಯಾರಿಗೂ ಕಾಲೆತ್ತಿ ತೋರಿಸಲಿಲ್ಲ.

ಮುಕ್ಕಾಲು ಗಂಟೆಯ ನಂತರ ಕಾರು ಪುಟ್ಟಿಯ ಹತ್ತಿರ ಬಂದು ನಿಂತಿತು. ಕಿಟಕಿಯ ಗಾಜು ಇಳಿಯಿತು. ಅಕ್ಕನ ಹಣೆಯ ಮೇಲೆ ಬೆವರಿತ್ತು, ಮುಖದಲ್ಲಿ ನಗುವಿರಲಿಲ್ಲ.

“ಹಿಂದೆ ಹತ್ತು,” ಎಂದಳು.

ಪುಟ್ಟಿ ಹಿಂದಿನ ಬಾಗಿಲು ತೆಗೆದು ಹತ್ತಿದಳು, ಬೆಲ್ಟು ಹಾಕಿಕೊಂಡಳು. ಅಲ್ಲಿಂದ ಅಕ್ಕನ ಕಾಲು ಕಾಣುತ್ತಿರಲಿಲ್ಲ, ಕೂದಲು ನರೆತ ಕತ್ತು ಮಾತ್ರ ಕಾಣುತ್ತಿತ್ತು. ಅಕ್ಕ ಕಣ್ಣೆತ್ತಿ ನಡುವಿನ ಕನ್ನಡಿ ನೋಡಿದಳು. ಅದರ ತುಂಬ ಪುಟ್ಟಿಯ ಮುಖವಿತ್ತು. ಹಿಂದಿನ ರಸ್ತೆ ಕಾಣುವವರೆಗೂ ಅಕ್ಕ ಅದನ್ನು ತಿರುಗಿಸಿದಳು.

“ಅಕ್ಕ,” ಎಂದಳು ಪುಟ್ಟಿ.

“ಈಗ ಬೇಡ,” ಎಂದಳು ಅಕ್ಕ. “ಓಡಿಸ್ತಿರೋದು ನಾನು.”